ಸಂಬಳದ ಚೀಟಿ ಓದಲು ಬಾರದ ಪುಟ್ಟ ಸಿಇಒಗಳು

ಟೋಕಿಯೊದ ತೋಜಾಯ್ ಮೆಟ್ರೊ ಮಾರ್ಗದ ರೈಲು ನದಿ ದಾಟಿ ಚಿಬಾ ಪ್ರಾಂತ್ಯವನ್ನು ಪ್ರವೇಶಿಸಿದ ಮೇಲೆ ಸಿಗುವ ಮೂರನೆಯ ನಿಲ್ದಾಣ ಗ್ಯೋಟೋಕು. 1969ರಲ್ಲಿ ಈ ಮಾರ್ಗ ಇಲ್ಲಿಗೆ ಬಂದ ನಂತರ ಗದ್ದೆ ಮತ್ತು ಜೌಗುನೆಲಗಳ ಜಾಗದಲ್ಲಿ ವಸತಿ ಕಟ್ಟಡಗಳು ಎದ್ದವು. ನದಿಯಾಚೆಯ ನಿಶಿ ಕಸಾಯ್ ಭಾರತೀಯರ ನೆಲೆಯೆಂದು ಹೆಸರಾದದ್ದು 2000ದ ಆಸುಪಾಸಿನಲ್ಲಿ. ಹಳೆಯ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಇಸವಿ ಬದಲಾಗುವಾಗ ಎದುರಾಗಬಹುದಾದ ತೊಡಕನ್ನು ಸರಿಪಡಿಸಲು ಭಾರತದಿಂದ ಸಾಫ್ಟ್‌ವೇರ್ ಎಂಜಿನಿಯರುಗಳು ಬಂದಿಳಿದ ಕಾಲ ಅದು. ಬಾಡಿಗೆಯ ಲೆಕ್ಕ ಹಾಕಿದ ಕುಟುಂಬಗಳು ಬರಬರುತ್ತಾ ನದಿಯ ಈಚೆಗೂ ಹರಡಿಕೊಂಡವು. ಇಂದು ಗ್ಯೋಟೋಕುವಿನಲ್ಲಿ ಮಸೀದಿಯಿದೆ, ಹಲಾಲ್ ಅಂಗಡಿಗಳಿವೆ, ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಬಂದವರ ಹೋಟೆಲುಗಳಿವೆ. ಜಪಾನಿನಲ್ಲಿರುವ ಭಾರತೀಯರ ಸಂಖ್ಯೆ 50,000ವನ್ನು ದಾಟಿದೆ. ಅವರಲ್ಲಿ ಕನ್ನಡಿಗರೂ ಇದ್ದಾರೆ, ಅವರ ಮಕ್ಕಳು ಈಗ ಹದಿನೈದು, ಹದಿನಾರರ ವಯಸ್ಸಿಗೆ ಬರುತ್ತಿದ್ದಾರೆ.

ಈ ವಯಸ್ಸಿನ ಮಕ್ಕಳಿರುವ ಮನೆಗಳ ಬಾಗಿಲಿಗೆ ಒಂದು ಹೊಸ ಸರಕು ಬಂದು ನಿಂತಿದೆ. ಅದಕ್ಕೆ ಹಲವು ಹೆಸರುಗಳು: ಕೆರಿಯರ್ ಸಿದ್ಧತೆ, ಯುವ ಉದ್ಯಮಿ ತರಬೇತಿ, ನಾಯಕತ್ವ ಶಿಬಿರ, ಬಿಸಿನೆಸ್ ಬೂಟ್‌ಕ್ಯಾಂಪ್. ಶಾಲೆಯ ರಜೆಯಲ್ಲಿ ಎರಡು ವಾರ, ಇಲ್ಲವೇ ವಾರಾಂತ್ಯದಲ್ಲಿ ಎರಡು ಗಂಟೆ. ಪಾಠ ಬಹುಪಾಲು ಆನ್‌ಲೈನ್, ಪಾಠ ಹೇಳುವವರು ಬೆಂಗಳೂರಿನಲ್ಲೋ ಸಿಂಗಪುರದಲ್ಲೋ ಕುಳಿತಿರುತ್ತಾರೆ. ಕೊನೆಗೊಂದು ಪ್ರಮಾಣಪತ್ರ, ಒಂದು 'ಪಿಚ್', ಅಂದರೆ ಕಲ್ಪಿತ ಕಂಪನಿಯೊಂದಕ್ಕೆ ಕಲ್ಪಿತ ಹೂಡಿಕೆದಾರರಿಂದ ಹಣ ಕೇಳುವ ಐದು ನಿಮಿಷದ ಭಾಷಣ. ಇವೆಲ್ಲವುಗಳ ಘೋಷವಾಕ್ಯ ಒಂದೇ: ಕೆಲಸ ಕೇಳುವವರಾಗಬೇಡಿ, ಕೆಲಸ ಕೊಡುವವರಾಗಿ.

ಈ ಘೋಷವಾಕ್ಯವನ್ನು ಎದುರಿಸಬೇಕಾಗಿದೆ. ಅದು ಕೇಳಲು ಸ್ವಾಭಿಮಾನದ ಮಾತಿನಂತಿದೆ. ಆದರೆ ಅದರೊಳಗೆ ದುಡಿದು ತಿನ್ನುವವರ ಬಗೆಗಿನ ತಾತ್ಸಾರ ಅಡಗಿದೆ, ಆ ಮಕ್ಕಳು ನಾಳೆ ನಿಜವಾಗಿ ಎದುರಿಸಬೇಕಾದ ಬದುಕಿನ ಬಗ್ಗೆ ಸಂಪೂರ್ಣ ಮೌನವೂ ಅಡಗಿದೆ. ಜಪಾನಿನಲ್ಲಿ ದುಡಿಯುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಸಂಬಳಕ್ಕೆ ದುಡಿಯುವವರು. ಈ ಮಕ್ಕಳ ತಂದೆ ತಾಯಂದಿರೂ ಅವರಲ್ಲೇ ಸೇರಿದವರು. ಒಂಬತ್ತು ಮಂದಿಯ ಬದುಕನ್ನು ಸೋಲೆಂದು ಹೆಸರಿಸಿ, ಹತ್ತನೆಯವನ ಕುರ್ಚಿಯ ಮೇಲೆ ಕೂತು ಜಗತ್ತನ್ನು ನೋಡಲು ಕಲಿಸುವುದಕ್ಕೆ ಶಿಕ್ಷಣ ಎಂಬ ಹೆಸರು ಸಲ್ಲುವುದಿಲ್ಲ.

ಮೊದಲು ಈ ಮಕ್ಕಳ ಸ್ಥಿತಿಯನ್ನು ಕಾನೂನಿನ ಕಣ್ಣಿನಿಂದ ನೋಡಬೇಕು. ಗ್ಯೋಟೋಕುವಿನ ಭಾರತೀಯ ಎಂಜಿನಿಯರನ ಬಳಿ ಇರುವುದು ಅವನ ವೃತ್ತಿಗೆ ಕಟ್ಟಿಹಾಕಿದ ವಾಸದ ಪರವಾನಗಿ. ಅವನ ಹೆಂಡತಿ ಮಕ್ಕಳ ಬಳಿ ಇರುವುದು ಅವನಿಗೆ ಕಟ್ಟಿಹಾಕಿದ 'ಕಜೋಕು ತಾಯ್‌ಜಾಯ್', ಅಂದರೆ ಕುಟುಂಬವಾಸದ ಪರವಾನಗಿ. ಸಕಾರಣವಿಲ್ಲದೆ ಮೂರು ತಿಂಗಳು ಆ ವೃತ್ತಿಯಲ್ಲಿ ತೊಡಗಿರದಿದ್ದರೆ ಅವನ ಪರವಾನಗಿಯನ್ನು ರದ್ದುಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅಂದರೆ ತಂದೆಯ ಕಂಪನಿ ಸಿಬ್ಬಂದಿ ಕಡಿತಕ್ಕೆ ಕೈಹಾಕಿದರೆ ಮಗಳ ಶಾಲೆ, ಗೆಳತಿಯರು, ಭಾಷೆ, ಊರು ಎಲ್ಲವೂ ಏಕಕಾಲಕ್ಕೆ ಅಲುಗಾಡುತ್ತವೆ. ತಾನು ನಿಂತಿರುವ ನೆಲ ಯಾರ ಸಂಬಳದ ಮೇಲೆ ನಿಂತಿದೆ ಎಂಬುದು ಹದಿನಾರರ ಹುಡುಗಿಗೆ ತಿಳಿದಿರಬೇಕಲ್ಲವೆ? ಯಾವ ಬೂಟ್‌ಕ್ಯಾಂಪಿನ ಯಾವ ಸ್ಲೈಡಿನಲ್ಲಿ ಈ ಸಂಗತಿಯಿದೆ?

ಕುಟುಂಬವಾಸದ ಪರವಾನಗಿಯಲ್ಲಿರುವ ಹುಡುಗನೊಬ್ಬ ಅಂಗಡಿಯಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಬೇಕಾದರೆ ವಲಸೆ ಇಲಾಖೆಯಿಂದ ಪ್ರತ್ಯೇಕ ಅನುಮತಿ ಪಡೆಯಬೇಕು. ಆ ಅನುಮತಿಯ ಮಿತಿ ವಾರಕ್ಕೆ 28 ಗಂಟೆ. ಮಿತಿ ಮೀರಿದರೆ ಪರವಾನಗಿಯ ನವೀಕರಣಕ್ಕೇ ಕುತ್ತು ಬರಬಹುದು. ಹದಿನೆಂಟು ತುಂಬದವರನ್ನು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ದುಡಿಸುವುದನ್ನು ಜಪಾನಿನ ಕಾರ್ಮಿಕ ಕಾನೂನು ನಿಷೇಧಿಸುತ್ತದೆ. ಸಂಬಳ, ಸಮಯ, ರಜೆಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಲಿಖಿತವಾಗಿ ತಿಳಿಸಬೇಕೆಂದೂ ಅದೇ ಕಾನೂನು ಹೇಳುತ್ತದೆ. ಇಪ್ಪತ್ತು ತುಂಬಿದ ದಿನದಿಂದ ಜಪಾನಿನ ನಿವಾಸಿಗಳೆಲ್ಲರೂ, ವಿದೇಶಿಯರೂ ಸೇರಿದಂತೆ, ರಾಷ್ಟ್ರೀಯ ಪಿಂಚಣಿಗೆ ಸೇರಬೇಕು. ವಿದ್ಯಾರ್ಥಿಯಾಗಿದ್ದರೆ ಕಂತನ್ನು ಮುಂದೂಡುವಂತೆ ಅರ್ಜಿ ಹಾಕಬಹುದು. ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತೆಯ ಒಪ್ಪಂದ 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಇವು ಒಣ ವಿವರಗಳಂತೆ ಕಾಣಬಹುದು. ಆದರೆ ಯಾವುದೇ ಯುವಕ ಅಥವಾ ಯುವತಿಯ ವೃತ್ತಿಬದುಕು ಶುರುವಾಗುವುದು ಈ ಒಣ ವಿವರಗಳಿಂದಲೇ.

ಪ್ರೌಢಶಾಲೆ ಮುಗಿದ ಮೇಲೆ ಏನು ಎಂಬ ಪ್ರಶ್ನೆ ಇನ್ನೂ ಗಂಭೀರವಾದದ್ದು. ಜಪಾನಿನಲ್ಲಿ ಕಡ್ಡಾಯ ಶಿಕ್ಷಣವನ್ನೂ ಪ್ರೌಢಶಾಲೆಯನ್ನೂ ಮುಗಿಸಿ ಕೆಲಸದ ಖಾತ್ರಿ ಪಡೆದ ಮಕ್ಕಳಿಗೆ ಕುಟುಂಬವಾಸದ ಪರವಾನಗಿಯಿಂದ ಸ್ವತಂತ್ರ ಪರವಾನಗಿಗೆ ದಾಟಿಕೊಳ್ಳುವ ದಾರಿಯೊಂದನ್ನು ಸರ್ಕಾರ ತೆರೆದಿದೆ. ತಡವಾಗಿ ಬಂದು ಪ್ರೌಢಶಾಲೆಯನ್ನು ಇಲ್ಲಿ ಮುಗಿಸಿದವರಿಗೂ ಇನ್ನೊಂದು ಕಿರಿದಾದ ದಾರಿಯಿದೆ. 2024ರಿಂದ ಸರ್ಕಾರಿ ವಿದ್ಯಾರ್ಥಿವೇತನದ ಬಾಗಿಲು ಕೂಡ ಕುಟುಂಬವಾಸದ ಕೆಲವು ಮಕ್ಕಳಿಗೆ ತೆರೆದುಕೊಂಡಿದೆ. ಈ ದಾರಿಗಳೆಲ್ಲ ಲೆಕ್ಕಕ್ಕೆ ಹಿಡಿಯುವುದು ಜಪಾನಿನ ಶಾಲೆಯ ಓದನ್ನು. ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಗೆ ಹೋಗುವ ಮಗುವಿನ ಲೆಕ್ಕ ಬೇರೆಯೇ ಆಗುತ್ತದೆ. ಹೀಗೆ ಆರನೆಯ ತರಗತಿಯಲ್ಲಿ ತಂದೆತಾಯಿ ಮಾಡುವ ಶಾಲೆಯ ಆಯ್ಕೆ ಹದಿನೆಂಟನೆಯ ವಯಸ್ಸಿನಲ್ಲಿ ವಾಸದ ಹಕ್ಕಿನ ಪ್ರಶ್ನೆಯಾಗಿ ಮರಳಿ ಬರುತ್ತದೆ. ನಿಜವಾದ ವೃತ್ತಿ ಮಾರ್ಗದರ್ಶನ ಎಂಬುದೊಂದಿದ್ದರೆ ಅದು ಇಲ್ಲಿಂದ ಆರಂಭವಾಗಬೇಕು.

ಇನ್ನು 'ಕೆಲಸ ಕೊಡುವವರಾಗಿ' ಎಂಬ ಮಾತು. ವಿದೇಶಿಯೊಬ್ಬ ಜಪಾನಿನಲ್ಲಿ ಉದ್ಯಮ ನಡೆಸಲು ಪಡೆಯಬೇಕಾದ ಪರವಾನಗಿಗೆ 50 ಲಕ್ಷ ಯೆನ್ ಬಂಡವಾಳ ಸಾಕಿತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು ಒಮ್ಮೆಗೇ 3 ಕೋಟಿ ಯೆನ್‌ಗೆ ಏರಿಸಲಾಯಿತು. ಗ್ಯೋಟೋಕುವಿನಂಥ ಊರುಗಳಲ್ಲಿ ಕರಿ, ನಾನ್ ಮಾರಿ ಬದುಕು ಕಟ್ಟಿಕೊಂಡ ಸಣ್ಣ ಹೋಟೆಲಿನವರಿಗೆ ಈ ಮೊತ್ತ ಬೆಟ್ಟದಷ್ಟು ದೊಡ್ಡದು. ಮಕ್ಕಳಿಗೆ ಉದ್ಯಮಶೀಲತೆ ಕಲಿಸುತ್ತೇವೆನ್ನುವವರು ತಮ್ಮ ವಿದ್ಯಾರ್ಥಿಗಳು ವಾಸಿಸುವ ದೇಶದಲ್ಲಿ ವಿದೇಶಿ ಉದ್ಯಮಿಯ ಮುಂದೆ ಎದ್ದು ನಿಂತಿರುವ ಈ ಗೋಡೆಯ ಬಗ್ಗೆ ಒಂದು ಮಾತೂ ಆಡದಿದ್ದರೆ ಅವರು ಕಲಿಸುತ್ತಿರುವುದಾದರೂ ಏನನ್ನು?

ಅವರು ಮಾರುತ್ತಿರುವುದು ಪೋಷಕರ ಭಯವನ್ನು. ಈ ಮಾರಾಟದ ಇತಿಹಾಸ ಕನ್ನಡಿಗರಿಗೆ ಹೊಸದೇನಲ್ಲ, ಅದರ ಒಂದು ಅಧ್ಯಾಯ ಬೆಂಗಳೂರಿನಲ್ಲೇ ನಡೆದಿದೆ. 2018ರಲ್ಲಿ ಆರಂಭವಾದ ವೈಟ್‌ಹ್ಯಾಟ್ ಜೂನಿಯರ್ ಎಂಬ ಕಂಪನಿ ಎಳೆಯ ಮಕ್ಕಳಿಗೆ ಕೋಡಿಂಗ್ ಕಲಿಸುವುದಾಗಿ ಹೇಳಿತು. ಎರಡೇ ವರ್ಷದಲ್ಲಿ, 2020ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಬೈಜೂಸ್ ಅದನ್ನು 30 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅದರ ಜಾಹೀರಾತುಗಳಲ್ಲಿ ವುಲ್ಫ್ ಗುಪ್ತಾ ಎಂಬ ಬಾಲಕ ಬರುತ್ತಿದ್ದ. ಕೋಡಿಂಗ್ ಕಲಿತು ಗೂಗಲ್‌ನಲ್ಲಿ ಕೋಟಿಗಟ್ಟಲೆ ಸಂಬಳದ ಕೆಲಸ ಗಿಟ್ಟಿಸಿದವನೆಂದು ಅವನನ್ನು ಬಣ್ಣಿಸಲಾಗಿತ್ತು. ಅಂಥ ಬಾಲಕನೇ ಇರಲಿಲ್ಲ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಮಧ್ಯಪ್ರವೇಶಿಸಿದ ಮೇಲೆ ಕಂಪನಿ ಕೆಲವು ಜಾಹೀರಾತುಗಳನ್ನು ಹಿಂತೆಗೆದುಕೊಂಡಿತು. ಮಕ್ಕಳಿಗೆ ಕೋಟ್ಯಧೀಶರಾಗುವ ಕನಸು ಮಾರಿದ ಬೈಜೂಸ್‌ನ ಮೇಲೆ 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಕೆರಿಯರ್ ಶಿಬಿರಗಳಲ್ಲಿ ಪ್ರಕರಣ ಅಧ್ಯಯನ ಎಂಬ ಪಾಠವೊಂದು ಇದ್ದೇ ಇರುತ್ತದೆ. ಆಪಲ್, ಟೆಸ್ಲಾಗಳ ಯಶೋಗಾಥೆಯ ಬದಲು ಈ ಪ್ರಕರಣವನ್ನು ಹದಿನಾರರ ಮಕ್ಕಳ ಮುಂದಿಟ್ಟು, ಯಾರ ಹಣ ಹೋಯಿತು, ಯಾರ ಸಂಬಳ ಬಾಕಿ ಉಳಿಯಿತು, ಯಾರು ಯಾರಿಗೆ ಉತ್ತರ ಹೇಳಬೇಕಿತ್ತು ಎಂದು ಕೇಳಿದರೆ ಅವರು ವ್ಯವಹಾರದ ಬಗ್ಗೆ ಕಲಿಯುವುದು ಬಹಳಷ್ಟಿದೆ.

ಸರ್ಕಾರಗಳೂ ಇದೇ ಘೋಷವಾಕ್ಯವನ್ನು ಎತ್ತಿಕೊಂಡಿವೆ. ದೆಹಲಿ ಸರ್ಕಾರ 2019ರಲ್ಲಿ ತನ್ನ ಶಾಲೆಗಳಿಗೆ ಉದ್ಯಮಶೀಲ ಮನೋಧರ್ಮದ ಪಠ್ಯಕ್ರಮವನ್ನು ತಂದಿತು. 2021ರಲ್ಲಿ 'ಬಿಸಿನೆಸ್ ಬ್ಲಾಸ್ಟರ್ಸ್' ಎಂಬ ಹೆಸರಿನಲ್ಲಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಮಕ್ಕಳಿಗೆ ತಲಾ 2,000 ರೂಪಾಯಿಯ ಮೂಲಧನ ಕೊಟ್ಟು ವ್ಯಾಪಾರಕ್ಕೆ ಇಳಿಸಿತು, ಅದನ್ನು ಟಿವಿ ಕಾರ್ಯಕ್ರಮವನ್ನಾಗಿಯೂ ಮಾಡಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ, ಅವರ ಕೈಗೇ ಹಣ ಕೊಟ್ಟು, ಸೋಲುವ ಸ್ವಾತಂತ್ರ್ಯವನ್ನೂ ಕೊಟ್ಟದ್ದು ಖಾಸಗಿ ಶಿಬಿರಗಳಿಗಿಂತ ಎಷ್ಟೋ ಮೇಲು. ಆದರೂ ಅದರ ಹಿಂದಿನ ತರ್ಕದಲ್ಲಿ ಒಂದು ಜಾಣತನವಿದೆ. ಉದ್ಯೋಗ ಸೃಷ್ಟಿಸುವುದು ಪ್ರಭುತ್ವದ ಮತ್ತು ಬಂಡವಾಳದ ಹೊಣೆ. ಆ ಹೊಣೆಯನ್ನು ಹದಿನಾರರ ಮಗುವಿನ ಮನೋಧರ್ಮದ ಮೇಲೆ ಹೊರಿಸಿದಾಗ ನಿರುದ್ಯೋಗ ಎಂಬುದು ನೀತಿಯ ವೈಫಲ್ಯವಾಗಿ ಉಳಿಯದೆ ಆ ಮಗುವಿನ ಸ್ವಭಾವದ ದೋಷವಾಗಿಬಿಡುತ್ತದೆ.

ಜಪಾನ್ ಈ ಹಾದಿಯಲ್ಲಿ ಭಾರತಕ್ಕಿಂತ ಮೊದಲೇ ನಡೆದು ಎಡವಿದ ದೇಶ. 1990ರ ದಶಕದ ಆರಂಭದಲ್ಲಿ ಆಸ್ತಿ ಬೆಲೆಗಳ ಗುಳ್ಳೆ ಒಡೆದ ಮೇಲೆ ಕಂಪನಿಗಳು ಹೊಸಬರನ್ನು ಸೇರಿಸಿಕೊಳ್ಳುವುದನ್ನು ಕಡಿಮೆ ಮಾಡಿದವು. ಒಂದಿಡೀ ತಲೆಮಾರು ಅರೆಕಾಲಿಕ, ಗುತ್ತಿಗೆ ಕೆಲಸಗಳಿಗೆ ತಳ್ಳಲ್ಪಟ್ಟಿತು. ಅದಕ್ಕೆ ಶಿಕ್ಷಣ ವ್ಯವಸ್ಥೆ ಕೊಟ್ಟ ಉತ್ತರವೇ 'ಕ್ಯಾರಿಯಾ ಶಿಕ್ಷಣ'. 1999ರಲ್ಲಿ ಕೇಂದ್ರ ಶಿಕ್ಷಣ ಮಂಡಳಿಯ ವರದಿಯಲ್ಲಿ ಈ ಪದ ಕಾಣಿಸಿಕೊಂಡಿತು. ಯುವಜನರಲ್ಲಿ ದುಡಿಮೆಯ ಬಗೆಗಿನ ಸರಿಯಾದ ದೃಷ್ಟಿಯನ್ನು ಬೆಳೆಸಬೇಕೆಂಬುದು ಅದರ ಆಶಯ. ಕೆಲಸಗಳೇ ಇಲ್ಲವಾದದ್ದಕ್ಕೆ ಕೆಲಸದ ಬಗೆಗಿನ ದೃಷ್ಟಿಯನ್ನು ತಿದ್ದಲು ಹೊರಟಂತಾಯಿತು. 2020ರಿಂದ ಪ್ರಾಥಮಿಕ ಶಾಲೆಯಿಂದಲೇ ಮಗು ತನ್ನ ಕನಸು, ಗುರಿ, ಆತ್ಮಾವಲೋಕನಗಳನ್ನು ಬರೆದಿಡುವ 'ಕ್ಯಾರಿಯಾ ಪಾಸ್‌ಪೋರ್ಟ್' ಬಂತು. 2022ರಲ್ಲಿ ಪ್ರೌಢಶಾಲೆಯ ಹೊಸ ಪಠ್ಯಕ್ರಮ ಜಾರಿಯಾದಾಗ ಗೃಹವಿಜ್ಞಾನದ ಪಾಠದೊಳಗೆ ಹೂಡಿಕೆ, ಆಸ್ತಿ ಗಳಿಕೆಯ ವಿಷಯಗಳು ಸೇರಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ರಾಪ್ತವಯಸ್ಸು 20ರಿಂದ 18ಕ್ಕೆ ಇಳಿಯಿತು. ಹದಿನೆಂಟರ ಮಗು ಈಗ ಪೋಷಕರ ಸಹಿಯಿಲ್ಲದೆ ಸಾಲದ ಕರಾರಿಗೆ ಒಳಪಡಬಹುದು.

ಇಷ್ಟೆಲ್ಲ ಕಲಿತ ಮೇಲೂ ನೆಲದ ವಾಸ್ತವ ಬದಲಾಗಿಲ್ಲ. ಪ್ರೌಢಶಾಲೆ ಮುಗಿಸಿ ನೇರವಾಗಿ ಕೆಲಸಕ್ಕೆ ಸೇರುವ ಜಪಾನಿ ಮಕ್ಕಳಿಗೆ ಮೊದಲ ಹಂತದಲ್ಲಿ ಒಬ್ಬರಿಗೆ ಒಂದೇ ಕಂಪನಿ ಎಂಬ ರೂಢಿ ಬಹುತೇಕ ಪ್ರಾಂತ್ಯಗಳಲ್ಲಿ ಇಂದಿಗೂ ಉಳಿದಿದೆ. ಶಾಲೆ ಶಿಫಾರಸು ಮಾಡುತ್ತದೆ, ಸೆಪ್ಟೆಂಬರ್ 16ರಿಂದ ಆಯ್ಕೆ ಶುರುವಾಗುತ್ತದೆ, ಎರಡನೆಯ ಕಂಪನಿಯ ಜೊತೆ ಹೋಲಿಸಿ ನೋಡುವ ಅವಕಾಶ ಆ ಹಂತದಲ್ಲಿ ಇರುವುದಿಲ್ಲ. 2021ರಲ್ಲಿ ಹೀಗೆ ಕೆಲಸಕ್ಕೆ ಸೇರಿದವರಲ್ಲಿ ಸುಮಾರು 38 ಶೇಕಡಾ ಮಂದಿ ಮೂರು ವರ್ಷದೊಳಗೆ ಅದನ್ನು ಬಿಟ್ಟರು. ಕನಸುಗಳ ಪಾಸ್‌ಪೋರ್ಟ್ ಕೈಯಲ್ಲಿದ್ದವರಿಗೆ ಆಯ್ಕೆಯ ಹಕ್ಕು ಮಾತ್ರ ಕೈಯಲ್ಲಿರಲಿಲ್ಲ.

ಇದನ್ನು ಜಪಾನಿನ ಒಳಗಿನಿಂದಲೇ ಟೀಕಿಸಿದವರಿದ್ದಾರೆ. ಟೋಕಿಯೊ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಹೋಂಡಾ ಯುಕಿ 2009ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಶಿಕ್ಷಣಕ್ಕೆ ವೃತ್ತಿಯ ಅರ್ಥ ಇರಲೇಬೇಕೆಂದು ವಾದಿಸುತ್ತಾರೆ. ಆದರೆ ಆ ಅರ್ಥಕ್ಕೆ ಎರಡು ಮುಖಗಳಿರಬೇಕು ಎನ್ನುತ್ತಾರೆ. ಒಂದು, ಕೆಲಸದ ಜಗತ್ತಿಗೆ ಹೊಂದಿಕೊಳ್ಳುವ ಶಕ್ತಿ, ಅಂದರೆ ನಿಜವಾದ ಕಸುಬಿನ ಜ್ಞಾನ. ಇನ್ನೊಂದು, ಅನ್ಯಾಯ ಎದುರಾದಾಗ ಪ್ರತಿರೋಧಿಸುವ ಶಕ್ತಿ, ಅಂದರೆ ಕಾರ್ಮಿಕ ಕಾನೂನು ಮತ್ತು ಹಕ್ಕುಗಳ ಜ್ಞಾನ. ಕನಸು ಕಾಣು, ನಿನ್ನನ್ನು ನೀನು ಅರಿತುಕೋ ಎಂಬ ಉಪದೇಶದಲ್ಲಿ ಈ ಎರಡೂ ಇಲ್ಲ. ವಿದ್ಯಾರ್ಥಿಗಳನ್ನು ಅರೆಕಾಲಿಕ ಕೆಲಸದ ಹೆಸರಿನಲ್ಲಿ ಹಿಂಡುವ ಅಂಗಡಿ, ಹೋಟೆಲುಗಳ ಪದ್ಧತಿಗೆ 2013ರಲ್ಲಿ ಓಉಚಿ ಹಿರೋಕಾಜು ಎಂಬ ಪ್ರಾಧ್ಯಾಪಕರು 'ಬ್ಲ್ಯಾಕ್ ಬಾಯಿತೊ' ಎಂಬ ಹೆಸರು ಕೊಟ್ಟರು. ಹೆಸರು ಸಿಕ್ಕ ಮೇಲೆ ಮಕ್ಕಳಿಗೆ ತಮ್ಮ ಅನುಭವವನ್ನು ಹೇಳಿಕೊಳ್ಳುವ ಭಾಷೆ ಸಿಕ್ಕಿತು. ಒಂದು ಪದದಷ್ಟು ಉಪಯೋಗಕ್ಕೂ ಬಾರದ ಪಿಚ್ ಸ್ಪರ್ಧೆಗಳು ಎಷ್ಟಿವೆಯೋ!

ಇಲ್ಲೊಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಶಾಲೆಗಳು ಹಣದ ವಿಚಾರವನ್ನೇ ಕಲಿಸುವುದಿಲ್ಲ, ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಹಳೆಯ ಕೆಲಸಗಳು ಉಳಿಯುವ ಭರವಸೆಯಿಲ್ಲ, ಹೀಗಿರುವಾಗ ಪೋಷಕರು ಏನಾದರೂ ಮಾಡಬೇಕಲ್ಲವೆ? ಈ ಆತಂಕ ಪ್ರಾಮಾಣಿಕವಾದದ್ದು, ಅದನ್ನು ಅಣಕಿಸುವ ಹಕ್ಕು ಯಾರಿಗೂ ಇಲ್ಲ. ಪರದೇಶದಲ್ಲಿ ನೆಂಟರಿಲ್ಲ, ಜಮೀನಿಲ್ಲ, ಮಗುವಿನ ಮುಂದಿನ ದಾರಿಯೇ ಮನೆಯ ಏಕೈಕ ಆಸ್ತಿ. ಲೆಕ್ಕಪತ್ರ ಬರೆಯುವುದು, ತೆರಿಗೆಯ ಅರ್ಥ ತಿಳಿಯುವುದು, ಕರಾರನ್ನು ಓದುವುದು ಎಲ್ಲ ಮಕ್ಕಳಿಗೂ ಬೇಕಾದ ವಿದ್ಯೆಗಳೇ. ಜಪಾನಿನ ವಾಣಿಜ್ಯ ಪ್ರೌಢಶಾಲೆಗಳು ಇಂಥ ಮಟ್ಟಸವಾದ ಕೆಲಸವನ್ನು ಗದ್ದಲವಿಲ್ಲದೆ ಮಾಡಿಕೊಂಡು ಬಂದಿವೆ. ಅಲ್ಲಿ ಮಕ್ಕಳು ಜಮಾ ಖರ್ಚಿನ ಪರೀಕ್ಷೆಗೆ ಕೂರುತ್ತಾರೆ, ಉತ್ತೀರ್ಣರಾದವರ ಕೈಯಲ್ಲಿ ಕೆಲಸಕ್ಕೆ ಬರುವ ವಿದ್ಯೆಯೊಂದು ಉಳಿಯುತ್ತದೆ. ಆದರೆ ಅನಿವಾಸಿ ಭಾರತೀಯ ಕುಟುಂಬ ಅಂಥ ಶಾಲೆಯನ್ನು ಕನಸಿನಲ್ಲೂ ಆರಿಸುವುದಿಲ್ಲ. ಲೆಕ್ಕಿಗನಾಗುವುದು ಕೀಳು, ಲೆಕ್ಕಿಗನನ್ನು ನೇಮಿಸಿಕೊಳ್ಳುವುದು ಮೇಲು ಎಂಬ ಭಾವನೆ ಸೂಟ್‌ಕೇಸಿನಲ್ಲಿಯೇ ಬಂದಿದೆ.

ಆ ಭಾವನೆಯ ಹೆಸರು ಜಾತಿ. ಭಾರತದಲ್ಲಿ ವೃತ್ತಿಶಿಕ್ಷಣ ಯಾವಾಗಲೂ ಎರಡು ಬಾಗಿಲುಗಳ ಮನೆಯಾಗಿತ್ತು. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಯ ಕಸುಬನ್ನು ಕಲಿಯಬೇಕೆಂಬ ಯೋಜನೆ ತಂದರು. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಆಗ ಮದ್ರಾಸ್ ರಾಜ್ಯದೊಳಗೇ ಇದ್ದವು. ಇದು ಕುಲಕಸುಬಿನ ಶಿಕ್ಷಣ, ಚಮ್ಮಾರನ ಮಗನನ್ನು ಚಮ್ಮಾರನಾಗಿಯೇ ಇರಿಸುವ ಹುನ್ನಾರ ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿ ಸಿಡಿದೆದ್ದವು. ರಾಜಾಜಿ ಅಧಿಕಾರ ಬಿಟ್ಟ ಮೇಲೆ 1954ರಲ್ಲಿ ಕಾಮರಾಜ್ ಅದನ್ನು ಕೈಬಿಟ್ಟರು. ಆ ಯೋಜನೆ ಸತ್ತರೂ ಅದರ ತರ್ಕ ಸಾಯಲಿಲ್ಲ. ಬಡವರ ಮಗುವಿಗೆ ಕೌಶಲ, ಉಳ್ಳವರ ಮಗುವಿಗೆ ನಾಯಕತ್ವ: ಇಂದಿನ ಪಠ್ಯಕ್ರಮಗಳ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅದೇ ಎರಡು ಬಾಗಿಲುಗಳು ಕಾಣುತ್ತವೆ.

ಕರ್ನಾಟಕದ ಅನುಭವವೂ ಇದನ್ನೇ ಹೇಳುತ್ತದೆ. 1970ರ ದಶಕದ ಕೊನೆಯಲ್ಲಿ ಪದವಿಪೂರ್ವ ಹಂತದಲ್ಲಿ ಆರಂಭವಾದ ಉದ್ಯೋಗಾಧಾರಿತ ಕೋರ್ಸುಗಳನ್ನು, ಜೆಒಸಿ ಎಂದು ಕರೆಯುತ್ತಿದ್ದ ಆ ತರಗತಿಗಳನ್ನು, ಹಳೆಯ ತಲೆಮಾರಿನ ಓದುಗರು ಮರೆತಿರಲಾರರು. ರೇಷ್ಮೆ ಕೃಷಿಯಂಥ ಗಟ್ಟಿ ವಿಷಯಗಳು ಅಲ್ಲಿದ್ದವು. ಆದರೆ ಸಮಾಜ ಅದನ್ನು ವಿಜ್ಞಾನ, ವಾಣಿಜ್ಯಗಳಲ್ಲಿ ಸೀಟು ಸಿಗದವರ ಜಾಗವೆಂದೇ ನೋಡಿತು. ಸರ್ಕಾರವೂ ಹಾಗೆಯೇ ನಡೆಸಿಕೊಂಡಿತು. ಬೋಧಕರು ವರ್ಷಗಟ್ಟಲೆ ಅರೆಕಾಲಿಕ ನೌಕರರಾಗಿ ದುಡಿದರು. ಕೋರ್ಸುಗಳು ಮುಚ್ಚಿದ ಮೇಲೆ, ಅವರನ್ನು ಇತರ ಇಲಾಖೆಗಳಿಗೆ ಸೇರಿಸಿಕೊಳ್ಳಲು ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಉದ್ಯೋಗ ಕಲಿಸುವವರಿಗೇ ಉದ್ಯೋಗದ ಭದ್ರತೆ ಇರಲಿಲ್ಲ. ಈ ಕಥೆ ಬಲ್ಲವರು ಇಂದು ವಾರಾಂತ್ಯದ ಶಿಬಿರದಲ್ಲಿ ಪಾಠ ಹೇಳುವ ತರುಣ ತರುಣಿಯರ ಕರಾರು ಎಷ್ಟು ದಿನದ್ದು, ಸಂಬಳ ಎಷ್ಟು ಎಂದು ಒಮ್ಮೆ ವಿಚಾರಿಸಬೇಕು.

ಈ ಶಿಬಿರಗಳ ವೇದಿಕೆಯಲ್ಲಿ ಈಚೆಗೆ 'ಕಾಯಕವೇ ಕೈಲಾಸ' ಎಂಬ ಮಾತೂ ಧಾರಾಳವಾಗಿ ಕೇಳಿಬರುತ್ತದೆ. ಬಸವಣ್ಣನವರ ಕಾಲದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಹೇಳಿದ್ದರು. ಬಿಸಿನೆಸ್ ಗುರುಗಳು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟಿದ್ದಾರೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ತರಾಟೆಗೆ ತೆಗೆದುಕೊಂಡು, ಹೆಚ್ಚಾದುದನ್ನು ತಂದಲ್ಲಿಗೇ ಮರಳಿಸಿ ಬರುವಂತೆ ಕಳಿಸಿದಳೆಂಬುದು ಕನ್ನಡ ನಾಡು ಎಂಟು ಶತಮಾನಗಳಿಂದ ಹೇಳಿಕೊಂಡು ಬಂದ ಕಥೆ. ಲಾಭ ಎಂದರೇನು, ಸಾಕು ಎಂದರೇನು, ಹೆಚ್ಚಾದದ್ದು ಯಾರದ್ದು ಎಂಬ ಮೂರು ಪ್ರಶ್ನೆಗಳನ್ನು ಲಕ್ಕಮ್ಮ ಒಂದೇ ಮಾತಿನಲ್ಲಿ ಎತ್ತಿದಳು. ಈ ಪ್ರಶ್ನೆಗಳಿಲ್ಲದ ಅರ್ಥಶಾಸ್ತ್ರದ ಪಾಠ ಅರೆಪಾಠ. ಕಾಯಕದ ಹೆಸರು ಹೇಳಿ ಲಕ್ಕಮ್ಮನನ್ನು ಮರೆಮಾಚುವುದು ಶರಣರಿಗೆ ಮಾಡುವ ದ್ರೋಹ.

ಹಾಗಾದರೆ ಗ್ಯೋಟೋಕುವಿನ ಮಕ್ಕಳಿಗೆ ಏನನ್ನು ಕಲಿಸಬೇಕು? ಪಾಠ ಅವರ ಕಾಲ ಕೆಳಗೇ ಇದೆ. ಗ್ಯೋಟೋಕು ಮೂಲತಃ ಉಪ್ಪಿನ ಊರು. ಟೊಕುಗಾವಾ ಇಯೆಯಾಸು ಎದೋ ನಗರವನ್ನು ಕಟ್ಟಿದಾಗ ಇಲ್ಲಿನ ಉಪ್ಪನ್ನು ಸಾಗಿಸಲು ಓನಾಗಿ ಕಾಲುವೆಯನ್ನು ತೋಡಿಸಿದ. ಮೊರಿಶಿತಾ ಪ್ರದೇಶದ ಬಳಿಯೇ ಆ ಕಾಲುವೆ ಸುಮಿದಾ ನದಿಯನ್ನು ಸೇರುತ್ತದೆ. 1905ರಲ್ಲಿ, ರಷ್ಯಾದೊಂದಿಗಿನ ಯುದ್ಧದ ವೆಚ್ಚ ಭರಿಸಲು, ಜಪಾನ್ ಸರ್ಕಾರ ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಆ ಏಕಸ್ವಾಮ್ಯ ರದ್ದಾದದ್ದು 1997ರಲ್ಲಿ. ಗ್ಯೋಟೋಕುವಿನ ಉಪ್ಪಿನ ಗದ್ದೆಗಳು ಅಷ್ಟರಲ್ಲಿ ಎಂದೋ ಮಾಯವಾಗಿದ್ದವು. ಇನ್ನೊಂದು ಕಡೆ, 1930ರ ಏಪ್ರಿಲ್‌ನಲ್ಲಿ ಉತ್ತರ ಕನ್ನಡದ ಅಂಕೋಲೆಯ ಕಡಲ ತೀರದಲ್ಲಿ ಜನ ಉಪ್ಪಿನ ಕಾನೂನನ್ನು ಮುರಿದರು. ಒಂದೇ ಸರಕು, ಎರಡು ಸಾಮ್ರಾಜ್ಯಗಳು. ಉಪ್ಪಿನ ಬೆಲೆಯನ್ನು ಯಾರು ನಿಗದಿಮಾಡಿದರು, ಯಾರಿಗೆ ಅದನ್ನು ಮಾಡುವ ಹಕ್ಕಿತ್ತು, ತೆರಿಗೆ ಯಾವ ಯುದ್ಧಕ್ಕೆ ಹೋಯಿತು, ಉಪ್ಪು ಮಾಡುವವರು ಆಮೇಲೆ ಏನಾದರು ಎಂದು ಕೇಳುತ್ತ ಹೋದರೆ ಒಂದು ಚಳಿಗಾಲದ ರಜೆಗೆ ಸಾಕಾಗುವಷ್ಟು ಅರ್ಥಶಾಸ್ತ್ರ, ರಾಜಕೀಯ, ಇತಿಹಾಸ ಅದರಲ್ಲಿದೆ. ಪ್ರಮಾಣಪತ್ರ ಬೇಕಾಗುವುದಿಲ್ಲ.

ಇತಿಹಾಸ ದೂರವೆನಿಸಿದರೆ ನದಿಯೊಂದನ್ನೇ ನೋಡಬಹುದು. 2024ರ ಅಕ್ಟೋಬರ್‌ನಲ್ಲಿ ನಿಗದಿಯಾದ ಕನಿಷ್ಠ ವೇತನ ಗಂಟೆಗೆ ಚಿಬಾದಲ್ಲಿ 1,076 ಯೆನ್, ಟೋಕಿಯೊದಲ್ಲಿ 1,163 ಯೆನ್ ಆಗಿತ್ತು. ಹಳೆಯ ಎದೋ ನದಿಯ ಸೇತುವೆಯೊಂದನ್ನು ದಾಟಿದ ಮಾತ್ರಕ್ಕೆ ಅದೇ ಕೆಲಸಕ್ಕೆ ಆಗ 87 ಯೆನ್ ವ್ಯತ್ಯಾಸವಿತ್ತು. ಅನ್ನದ ಬೆಲೆ, ಹಾಲಿನ ಬೆಲೆ ನದಿ ದಾಟಿದಾಗ ಹಾಗೆ ಬದಲಾಗುತ್ತದೆಯೆ? ಈ ಗೆರೆಯನ್ನು ಎಳೆದವರು ಯಾರು? ನದಿಯ ಈಚೆಯ ಅಂಗಡಿಯವನು ಕೆಲಸಗಾರರನ್ನು ಹೇಗೆ ಹುಡುಕುತ್ತಾನೆ? ವಾರಕ್ಕೆ 28 ಗಂಟೆ ದುಡಿಯಲಷ್ಟೇ ಅನುಮತಿಯಿರುವವನಿಗೆ ತಿಂಗಳ ಕೊನೆಗೆ ಕೈಗೆ ಬರುವುದೆಷ್ಟು? ಹದಿನಾರರ ಹುಡುಗಿಯೊಬ್ಬಳು ಪೆನ್ನು ಕಾಗದ ಹಿಡಿದು ಈ ಲೆಕ್ಕ ಮಾಡಿದರೆ ಅವಳಿಗೆ ಕೂಲಿ, ಬೆಲೆ, ಪೂರೈಕೆ, ಬೇಡಿಕೆ, ಪ್ರಭುತ್ವ ಎಂಬ ಪದಗಳೆಲ್ಲ ಮೈದಾಳಿ ಎದುರು ನಿಲ್ಲುತ್ತವೆ.

ಕನ್ನಡ ಕುಟುಂಬಗಳು ಒಟ್ಟುಗೂಡುವ ಕಡೆಗಳಲ್ಲಿ ರಾಜ್ಯೋತ್ಸವಕ್ಕೆ, ಯುಗಾದಿಗೆ ಹಣ ಸೇರುತ್ತದೆ. ಅದರ ಒಂದು ಪಾಲಿನಿಂದ ಸ್ಫೂರ್ತಿ ಭಾಷಣಕಾರರ ಬದಲು ವಲಸೆ ದಾಖಲೆಗಳನ್ನು ಬಲ್ಲ 'ಗ್ಯೋಸೇಯ್ ಶೋಶಿ'ಯೊಬ್ಬರನ್ನು, ಕಾರ್ಮಿಕ ಸಂಘದ ಕಾರ್ಯಕರ್ತರೊಬ್ಬರನ್ನು ಕರೆಸಬಹುದು. ಸೇರಿದ ಪೋಷಕರು ತಮ್ಮ ಸಂಬಳದ ಚೀಟಿಯ ನಕಲಿನಲ್ಲಿ ಹೆಸರು ಅಳಿಸಿ ಮೇಜಿನ ಮೇಲಿಟ್ಟು, ಯಾವ ಸಾಲಿನ ಹಣ ಪಿಂಚಣಿಗೆ, ಯಾವುದು ಆರೋಗ್ಯ ವಿಮೆಗೆ, ಯಾವುದು ನಿವಾಸಿ ತೆರಿಗೆಗೆ ಹೋಗುತ್ತದೆಂದು ಮಕ್ಕಳಿಗೆ ಓದಿ ಹೇಳಬಹುದು. ಜಪಾನಿನ ಸಂವಿಧಾನದ 28ನೆಯ ವಿಧಿ ದುಡಿಯುವವರಿಗೆ ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕನ್ನು ಕೊಟ್ಟಿದೆ ಎಂಬುದನ್ನು ತಿಳಿಸಬಹುದು. ಸಿಬಿಎಸ್‌ಇಯ ಹನ್ನೆರಡನೆಯ ತರಗತಿಯ ವ್ಯವಹಾರ ಅಧ್ಯಯನದಲ್ಲಿ ಮಕ್ಕಳು ಫಯೋಲ್ ಮತ್ತು ಟೇಲರ್‌ರ ನಿರ್ವಹಣಾ ಸೂತ್ರಗಳನ್ನು ಬಾಯಿಪಾಠ ಮಾಡುತ್ತಾರೆ. ಟೇಲರ್‌ನ ಗಡಿಯಾರ ಯಾರ ನೆತ್ತಿಯ ಮೇಲೆ ಓಡುತ್ತಿತ್ತೋ ಆ ಕಾರ್ಮಿಕನ ಕಡೆಯಿಂದ ಕಾರ್ಖಾನೆಯನ್ನು ನೋಡುವುದನ್ನು ಯಾರಾದರೂ ಅವರಿಗೆ ತೋರಿಸಬೇಕು.

ಆ ಮೇಜಿನ ಸುತ್ತ ಯಾರು ಕೂರುತ್ತಾರೆ ಎಂಬುದೂ ಮುಖ್ಯ. ಹಣ ಕೊಟ್ಟು ಸೇರುವ ಶಿಬಿರಗಳಲ್ಲಿ ಎಂಜಿನಿಯರುಗಳ ಮಕ್ಕಳಷ್ಟೇ ಇರುತ್ತಾರೆ. ಅದೇ ಊರಿನ ಹೋಟೆಲಿನಲ್ಲಿ ತಂದೂರಿನ ಮುಂದೆ ದಿನವಿಡೀ ನಿಲ್ಲುವ ಅಡುಗೆಯವನ ಮಗ ಅಲ್ಲಿರುವುದಿಲ್ಲ, ಅವನದೂ ಅದೇ ಕುಟುಂಬವಾಸದ ಪರವಾನಗಿ. 2019ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ಮೊದಲ ಬಾರಿಗೆ ದೇಶವ್ಯಾಪಿ ಸಮೀಕ್ಷೆ ನಡೆಸಿದಾಗ ಸುಮಾರು 20,000 ವಿದೇಶಿ ಮಕ್ಕಳು ಶಾಲೆಯ ಹೊರಗೇ ಇರಬಹುದೆಂದು ಕಂಡುಬಂತು. ಕಡ್ಡಾಯ ಶಿಕ್ಷಣದ ಬಾಧ್ಯತೆ ಇಲ್ಲಿ ವಿದೇಶಿ ಪೋಷಕರಿಗೆ ಅನ್ವಯಿಸುವುದಿಲ್ಲ. 28 ಗಂಟೆಯ ಮಿತಿ, ಮೂರು ತಿಂಗಳ ಗಡುವು, ಪ್ರೌಢಶಾಲೆಯ ನಂತರದ ಕಿರಿದಾದ ದಾರಿ ಎಂಜಿನಿಯರನ ಮಗಳಿಗೂ ಅಡುಗೆಯವನ ಮಗನಿಗೂ ಒಂದೇ. ಅವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸದ ಯಾವುದೇ ವೃತ್ತಿ ಮಾರ್ಗದರ್ಶನ, ಕನ್ನಡದಲ್ಲಿ ನಡೆದರೂ ಜಪಾನಿಯಲ್ಲಿ ನಡೆದರೂ, ಹಳೆಯ ಎರಡು ಬಾಗಿಲುಗಳ ಮನೆಯನ್ನೇ ಮತ್ತೆ ಕಟ್ಟುತ್ತದೆ.

ಕೊನೆಯದಾಗಿ, ಹದಿನಾರರ ಮಗುವಿಗೆ ಇನ್ನೂ ಏನೂ ತೀರ್ಮಾನಿಸದೆ ಇರುವ ಹಕ್ಕಿದೆ. ಸುಮ್ಮನೆ ಕಾದಂಬರಿ ಓದುವ, ಬ್ಯಾಟು ಬೀಸುವ, ನದಿಯ ದಂಡೆಯಲ್ಲಿ ಗೆಳೆಯರ ಜೊತೆ ಹರಟುವ ಹೊತ್ತನ್ನು ಪ್ರತಿ ವಾರವೂ ಕತ್ತರಿಸಿ 'ಹೂಡಿಕೆ' ಎಂದು ಕರೆಯುವ ವ್ಯವಸ್ಥೆ ಆ ಮಗುವನ್ನು ಯಜಮಾನನನ್ನಾಗಿ ಮಾಡುವುದಿಲ್ಲ, ಎಳವೆಯಲ್ಲೇ ನೌಕರನನ್ನಾಗಿ ಮಾಡುತ್ತದೆ, ಅದೂ ಸಂಬಳವಿಲ್ಲದ ನೌಕರನನ್ನಾಗಿ. ಪೋಷಕರು ಮುಂದಿನ ಶಿಬಿರದ ಶುಲ್ಕ ಕಟ್ಟುವ ಮೊದಲು ಅದನ್ನು ನಡೆಸುವವರ ಮುಂದೆ ನಾಲ್ಕು ಪ್ರಶ್ನೆಗಳನ್ನು ಇಡಲಿ: ವಾರಕ್ಕೆ 28 ಗಂಟೆ ಎಂದರೇನೆಂದು ಕಲಿಸುತ್ತೀರಾ? ಸಂಬಳದ ಚೀಟಿ ಓದಲು ಕಲಿಸುತ್ತೀರಾ? ಸಂಘ ಕಟ್ಟುವ ಹಕ್ಕಿನ ಬಗ್ಗೆ ಮಾತನಾಡುತ್ತೀರಾ? ಅಡುಗೆಯವನ ಮಗನಿಗೂ ಜಾಗವಿದೆಯಾ? ಇಲ್ಲವೆಂಬ ಉತ್ತರ ಬಂದರೆ ಆ ಹಣ ಮನೆಯಲ್ಲೇ ಉಳಿಯಲಿ.